ಐನ್‌ಸ್ಟೈನ್ ಗಣಿತದಲ್ಲಿ ಫೇಲ್ ಆಗಿದ್ದರಾ?

ರಿಸಲ್ಟ್ ಬಂದ ದಿನ ವಾಟ್ಸಾಪ್‌ನಲ್ಲಿ ತಪ್ಪದೆ ಬರುವ ಮೆಸೇಜ್: ‘ಐನ್‌ಸ್ಟೈನ್ ಕೂಡ ಗಣಿತದಲ್ಲಿ ಫೇಲ್.’ ಸಮಾಧಾನಕ್ಕೇನೋ ಚೆನ್ನಾಗಿದೆ. ಆದರೆ ನಿಜ ಅಲ್ಲ.

15 ತುಂಬುವ ಮೊದಲೇ ಅವರು ಕ್ಯಾಲ್ಕುಲಸ್ ಕಲಿತಿದ್ದರು. ನಮ್ಮಲ್ಲಿ ಅದು ಪಿಯುಸಿ ಪಾಠ, ಅಲ್ವಾ? ಎಡವಿದ್ದು 1895ರಲ್ಲಿ, ಜ್ಯೂರಿಚ್‌ನ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಯಲ್ಲಿ. ಆಗಿನ್ನೂ 16 ವರ್ಷ, ಸೇರುವ ವಯಸ್ಸಿಗಿಂತ ಸುಮಾರು ಎರಡು ವರ್ಷ ಚಿಕ್ಕವರು. ಗಣಿತ, ಭೌತಶಾಸ್ತ್ರದಲ್ಲಿ ಚೆನ್ನಾಗಿಯೇ ಬರೆದಿದ್ದರು. ಕೈಕೊಟ್ಟಿದ್ದು ಭಾಷೆಯಂಥ ಉಳಿದ ವಿಷಯಗಳು.

ಆಮೇಲೆ ಆರಾವ್ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿದರು. 1896ರಲ್ಲಿ ಅದೇ ಪಾಲಿಟೆಕ್ನಿಕ್ ಸೇರಿದರು. ಆರಾವ್ ಅಂಕಪಟ್ಟಿಯಲ್ಲಿ ಬೀಜಗಣಿತಕ್ಕೆ 6, ರೇಖಾಗಣಿತಕ್ಕೂ 6. ಗಾಬರಿ ಬೇಡ, ಅಲ್ಲಿ 6 ಅಂದರೆ ಎಲ್ಲಕ್ಕಿಂತ ಜಾಸ್ತಿ. ಫ್ರೆಂಚ್‌ಗೆ ಮಾತ್ರ 3.