ಸತ್ಯಾಂಶ: ರೈಲು ಉರುಳಿದರೆ ಅಗ್ನಿಶಾಮಕದವರ ಖರ್ಚು ಯಾರದು?

‘ಅಮೆರಿಕದಲ್ಲಿ ವಿಷದ ರೈಲು ಉರುಳಿದರೆ ಅಗ್ನಿಶಾಮಕ ದಳದ ಖರ್ಚೆಲ್ಲ ಕೇಂದ್ರ ಸರ್ಕಾರ ಮರುದಿನವೇ ಕಟ್ಟುತ್ತದೆ’ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಕೇಳೋಕೆ ಚೆನ್ನಾಗಿದೆ, ನಿಜ ಮಾತ್ರ ಅಲ್ಲ.

2023ರ ಫೆಬ್ರುವರಿ 3ರ ರಾತ್ರಿ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ನಾರ್ಫೋಕ್ ಸದರ್ನ್ ಕಂಪನಿಯ ಗೂಡ್ಸ್ ರೈಲು ಹಳಿ ತಪ್ಪಿತು. 38 ಬೋಗಿ ಉರುಳಿದವು, 11ರಲ್ಲಿ ಅಪಾಯಕಾರಿ ಸರಕಿತ್ತು. ಮೊದಲು ಓಡಿ ಬಂದವರಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು. ಆ ರಾಜ್ಯದಲ್ಲಿ ಅವರಿಗೆ ಕಡ್ಡಾಯವಾಗಿದ್ದ ಆರಂಭದ ತರಬೇತಿ ಬರೀ 36 ಗಂಟೆ! ರಾಸಾಯನಿಕ ಮೆತ್ತಿದ ಕೋಟು, ಬೂಟು, ಹೋಸ್ ಪೈಪುಗಳನ್ನು ಎಷ್ಟೋ ಸಲ ತೊಳೆದು ಮತ್ತೆ ಬಳಸೋಕೆ ಆಗಲ್ಲ, ಅಲ್ವಾ?

ಅಮೆರಿಕದ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಸ್ಥಳೀಯ ಆಡಳಿತಗಳಿಗೆ ಮರುಪಾವತಿ ಕೊಡುತ್ತದೆ ನಿಜ. ಆದರೆ ಒಂದು ಘಟನೆಗೆ ಗರಿಷ್ಠ 25,000 ಡಾಲರ್, ಅದೂ ಅರ್ಜಿ ಹಾಕಿದ ಮೇಲೆ. ಇನ್ನೊಂದು ಕೇಂದ್ರ ಅನುದಾನವಿದೆ. ಅಪಾಯಕಾರಿ ಸರಕು ಸಾಗಿಸುವವರು ಕಟ್ಟುವ ನೋಂದಣಿ ಶುಲ್ಕದಿಂದ ಬರುವ ದುಡ್ಡು ಅದು. ಅದಿರುವುದು ಮುಂಚಿನ ತರಬೇತಿಗೆ, ಯೋಜನೆಗೆ.

ಉಳಿದದ್ದು ಕಂಪನಿಯ ತಲೆಗೆ. ಕಾನೂನು ಹೇಳುವುದೂ ಅದನ್ನೇ. ಈಸ್ಟ್ ಪ್ಯಾಲೆಸ್ಟೈನ್ ಪ್ರಕರಣದಲ್ಲೂ ಇಪಿಎ ಫೆಬ್ರುವರಿ 21ರಂದು ಸ್ವಚ್ಛತೆಯ ಖರ್ಚನ್ನು ಕಂಪನಿಯೇ ಭರಿಸಬೇಕೆಂದು ಆದೇಶಿಸಿತು. ಆದರೆ ಬೆಂಕಿ ಆರಿಸುವವರು ಆದೇಶಕ್ಕಾಗಿ ಕಾಯುತ್ತಾ ಕೂರುವಂತಿಲ್ಲವಲ್ಲ. ಮೊದಲ ಖರ್ಚು ಊರಿನ ಗಲ್ಲಾಪೆಟ್ಟಿಗೆಯಿಂದಲೇ.