ಮಾದಕ ಕಸ್ಟರ್ಡ್

ಸೆಂಟಿನ ಅಂಗಡಿಗೆ ನಾನು ನುಗ್ಗಿದ್ದು ಎಸಿಗೋಸ್ಕರ. ಏಪ್ರಿಲ್ ಬಿಸಿಲು, ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು, ಆಟೊ ಬರೋದಕ್ಕೆ ಇನ್ನೂ 12 ನಿಮಿಷ. ಕೌಂಟರಿನ ಹುಡುಗಿ ಒಂದು ಕಾಗದದ ಪಟ್ಟಿಗೆ ಪುಸ್ ಅಂತ ಹೊಡೆದು ನನ್ನ ಮೂಗಿಗೆ ಹಿಡಿದಳು. "ವೆನಿಲ್ಲಾ ಮೇಡಂ. ತುಂಬಾ ಸೆನ್ಶುಯಲ್. ನಿಮ್ಮ ಪರ್ಸನಾಲಿಟಿಗೆ ಹೇಳಿ ಮಾಡಿಸಿದ ಹಾಗಿದೆ."

ನನಗೊಂದು ಪರ್ಸನಾಲಿಟಿ ಇದೆ ಅಂತ ಹಿಂದೆ ಯಾರೂ ಹೇಳಿರಲಿಲ್ಲ. ಸೊಪ್ಪಿನ ಕಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಡಬ್ಬಿ ಮೇಲೆ ಬೇರೆ ಬರೆದಿತ್ತು, ಇದನ್ನು ಹಾಕಿಕೊಳ್ಳುವವಳು ನಿಗೂಢ, ಮಾದಕ, ಒಮ್ಮೆ ಕಂಡರೆ ಮರೆಯಲಾಗದವಳು ಅಂತ. 50 ಎಂಎಲ್‌ಗೆ ನಾಲ್ಕೂವರೆ ಸಾವಿರ ರೂಪಾಯಿ. ಕಾರ್ಡ್ ಉಜ್ಜಿಯೇಬಿಟ್ಟೆ.

ಎರಡು ದಿನಕ್ಕೆ ನಮ್ಮ ಮದುವೆಯ ವಾರ್ಷಿಕೋತ್ಸವ. ಸಂಜೆ ಮಣಿಕಟ್ಟಿಗೆ, ಕತ್ತಿಗೆ, ಕಿವಿಯ ಹಿಂದೆ ಹೊಡೆದುಕೊಂಡೆ. ನನಗೇನೂ ವಾಸನೆ ಬರಲಿಲ್ಲ ಅನಿಸಿ ಇನ್ನೊಂದು ಸುತ್ತು ಹೊಡೆದೆ. ರಾತ್ರಿ ಒಂಬತ್ತಕ್ಕೆ ನಮ್ಮವರು ಬಂದರು. ಬಾಗಿಲಲ್ಲೇ ನಿಂತರು. ಮೂಗು ಅರಳಿತು. ಕಣ್ಣು ಅರ್ಧ ಮುಚ್ಚಿತು. ಹದಿನಾರು ವರ್ಷದಲ್ಲಿ ಆ ಮುಖದಲ್ಲಿ ಅಂಥ ಭಾವ ನಾನು ನೋಡಿರಲಿಲ್ಲ. ಸೆರಗು ಸರಿಮಾಡಿಕೊಂಡೆ. ಅವರು ನನ್ನ ಪಕ್ಕದಿಂದ ಹಾದು, ಸೀದಾ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು ಬಗ್ಗಿದರು.

"ಕಸ್ಟರ್ಡ್ ಎಲ್ಲೇ?"

ಆ ರಾತ್ರಿ ಹತ್ತು ಗಂಟೆಗೆ ನಿಗೂಢ ಹೆಣ್ಣೊಬ್ಬಳು ಒಲೆ ಮುಂದೆ ನಿಂತು, ಗಂಟು ಕಟ್ಟದ ಹಾಗೆ ಕಸ್ಟರ್ಡ್ ಪುಡಿ ಕದಡುತ್ತಿದ್ದಳು.

ಅವರದ್ದೂ ತಪ್ಪಲ್ಲ ಬಿಡಿ. ವೆನಿಲ್ಲಾದ ಘಮಕ್ಕೆ ಮುಖ್ಯ ಕಾರಣ ವೆನಿಲಿನ್ ಅನ್ನೋ ವಸ್ತು. 1874ರಲ್ಲೇ ಜರ್ಮನಿಯ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ಪೈನ್ ಜಾತಿ ಮರದ ರಸದಿಂದ ತಯಾರಿಸಿದರು. ಮುಂದೆ ಅದು ಪ್ಯಾರಿಸ್ಸಿನ ಸೀಸೆಗೂ ಹೋಯಿತು, ಬಿಸ್ಕತ್ತಿಗೂ ಹೋಯಿತು. 1925ರಲ್ಲಿ ಪ್ಯಾರಿಸ್ಸಿನ ಸೆಂಟು ಕಂಪನಿ ಗೆರ್ಲಾನ್‌ನವರು ಮೊಘಲರ ತೋಟದ ಹೆಸರಿಟ್ಟು 'ಶಾಲಿಮಾರ್' ಅಂತ ಒಂದು ಸೆಂಟು ತಂದರು. ಅದರಲ್ಲಿ ವೆನಿಲ್ಲಾದ್ದೇ ಜೋರು. ಇವತ್ತಿಗೂ ಅದು ಮಾದಕ ಸೆಂಟುಗಳಲ್ಲಿ ದೊಡ್ಡ ಹೆಸರು. ಇದನ್ನೆಲ್ಲ ನಮ್ಮವರಿಗೆ ವಿವರಿಸಿದೆ. ಚಮಚ ನೆಕ್ಕುತ್ತಾ, "ಶಾಲಿಮಾರ್ ರೈಲಲ್ವಾ?" ಅಂದರು. ಪ್ಯಾರಿಸ್ಸಿನವರ ಮೂಗು ಬೇರೆ, ಬೇಕರಿ ಎದುರು ಬೆಳೆದ ಮೂಗು ಬೇರೆ.

ಈ ಸೆಂಟಿಗೆ ಇನ್ನೊಂದು ಚಾಳಿ. ನಿಂಬೆ, ಕಿತ್ತಳೆ ಥರದ ಪರಿಮಳ ಬೇಗ ಹಾರಿಹೋಗುತ್ತೆ. ವೆನಿಲ್ಲಾ ಹಾಗಲ್ಲ, ಊಟ ಆದಮೇಲೂ ಏಳದ ನೆಂಟನ ಹಾಗೆ ಬಟ್ಟೆಯಲ್ಲೇ ಕೂತಿರುತ್ತೆ. ಮಾರನೇ ದಿನ ಅದೇ ಶಾಲು ಹೊದ್ದು ಆಫೀಸಿಗೆ ಹೋದೆ. ಲಿಫ್ಟಿನಲ್ಲಿ ಒಂದು ಮಗು ನನ್ನ ಶಾಲಿನ ತುದಿ ಬಾಯಿಗೆ ಹಾಕಿಕೊಂಡಿತು. ಮೀಟಿಂಗ್ ನಡುವೆ ಮ್ಯಾನೇಜರು ಮಾತು ನಿಲ್ಲಿಸಿ, "ಯಾರದ್ದಾದ್ರೂ ಬರ್ತ್‌ಡೇನಾ?" ಅಂತ ಕೇಳಿದರು. ಸಂಜೆಯ ಆಟೊದವನು ಕನ್ನಡಿಯಲ್ಲಿ ನೋಡಿ, "ಮೇಡಂ, ಬನ್ ಪಾರ್ಸಲ್ ತಗೊಂಡ್ ಹೋಗ್ತಿದೀರಾ? ಬೆಳಗ್ಗಿಂದ ಏನೂ ತಿಂದಿಲ್ಲ" ಅಂದ. ಡಬ್ಬಿ ಬರೆದವನು ಸುಳ್ಳು ಹೇಳಿರಲಿಲ್ಲ. ಎಲ್ಲರಿಗೂ ನನ್ನನ್ನು ನೋಡಿ ಆಸೆ ಹುಟ್ಟುತ್ತಿತ್ತು. ತಿನ್ನೋಕೆ ಏನಿಟ್ಟಿದೀಯಾ ಕೊಡು ಅನ್ನೋ ಆಸೆ.

ನಿಜ ಹೇಳಬೇಕು ಅಂದ್ರೆ, ವೆನಿಲ್ಲಾವನ್ನು ಮಾದಕ ಅಂದಾಗಲೇ ನನಗೆ ನಗು ಬರಬೇಕಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಅಪ್ಪಯ್ಯ ವೆನಿಲ್ಲಾ ಬೆಳೆದಿದ್ದರು. ಇಷ್ಟು ಪೆದ್ದು ಗಿಡ ಇನ್ನೊಂದಿಲ್ಲ. ಅದರ ಹೂವು ಬೆಳಗ್ಗೆ ಅರಳಿದರೆ ಅವತ್ತೇ ಬಾಡುತ್ತೆ. ಗಂಡು ಭಾಗ, ಹೆಣ್ಣು ಭಾಗ ಒಂದೇ ಹೂವಿನಲ್ಲಿ, ನಡುವೆ ತೆಳು ಪೊರೆಯೊಂದೇ ಅಡ್ಡ. ಆದರೂ ತಾವಾಗಿ ಸೇರಲ್ಲ! ಮೆಕ್ಸಿಕೋದಲ್ಲಾದರೆ ಅದಕ್ಕೆ ಅಂತ ಜೇನುಹುಳ ಇವೆಯಂತೆ. ಬೇರೆ ಕಡೆ ಮನುಷ್ಯರೇ ದಲ್ಲಾಳಿ. ಆ ಉಪಾಯ ತೋರಿಸಿಕೊಟ್ಟವನು ರಿಯೂನಿಯನ್ ದ್ವೀಪದ ಎಡ್ಮಂಡ್ ಅಲ್ಬಿಯಸ್, 1841ರಲ್ಲಿ. ಆಗ ಅವನು ಹನ್ನೆರಡು ವರ್ಷದ ಗುಲಾಮ ಹುಡುಗ.

ನಾನೂ ಡಿಗ್ರಿ ರಜೆಯಲ್ಲಿ ಆ ದಲ್ಲಾಳಿ ಕೆಲಸ ಮಾಡಿದವಳೇ. ಪೊರಕೆ ಕಡ್ಡಿ ಚೂಪು ಮಾಡಿಕೊಂಡು, ಸೊಳ್ಳೆ ಕಚ್ಚಿಸಿಕೊಂಡು, ಪೊರೆ ಎತ್ತಿ, ಹೆಬ್ಬೆರಳಲ್ಲಿ ಒತ್ತಿ, ಒಂದೊಂದೇ ಹೂವಿಗೆ ಮದುವೆ. ಅಪ್ಪಯ್ಯ ಹಿಂದಿನಿಂದ, "ಮೆಲ್ಲಗೆ ಮಾರಾಯ್ತಿ, ಒಂದೊಂದು ಹೂವೂ ದುಡ್ಡು" ಅನ್ನುತ್ತಿದ್ದರು. ನಿಜವೇ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ಬೆಳೆ ಹಾಳಾಗಿತ್ತು. 2003ರ ಹೊತ್ತಿಗೆ ನಮ್ಮಲ್ಲಿ ವೆನಿಲ್ಲಾದ ಹಸಿ ಕಾಯಿ, ಅಂದ್ರೆ ಬೀನ್ಸ್, ಕೆಜಿಗೆ ಸಾವಿರದ ಲೆಕ್ಕದಲ್ಲಿ ಮಾತು. ರಾತ್ರಿ ತೋಟಕ್ಕೆ ಟಾರ್ಚು, ನಾಯಿ, ಅಪ್ಪಯ್ಯ ಮೂರೂ ಕಾವಲು. ಎರಡೇ ವರ್ಷ, ರೇಟು ನೆಲ ಕಚ್ಚಿತು. ಕೇಳುವವರೇ ಇಲ್ಲ. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಅವತ್ತಿನಿಂದ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿಲ್ಲ. ಮದುವೆ ಮನೆಯಲ್ಲಿ ವೆನಿಲ್ಲಾ ಐಸ್‌ಕ್ರೀಂ ಕೊಟ್ಟರೂ ಕಪ್ಪನ್ನು ಮುಖ ತಿರುಗಿಸಿ ಪಕ್ಕದವರಿಗೆ ದಾಟಿಸುತ್ತಾರೆ.

ಕಳೆದ ತಿಂಗಳು ಅಪ್ಪಯ್ಯ ಕಣ್ಣು ತೋರಿಸಲು ಬೆಂಗಳೂರಿಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಕಾಲು ಮುಟ್ಟಲು ಬಗ್ಗಿದೆ. ಅವರು ಆಶೀರ್ವಾದದ ಕೈಯನ್ನು ಹಾಗೇ ನಿಲ್ಲಿಸಿ, ನನ್ನ ಮಣಿಕಟ್ಟು ಹಿಡಿದು ಮೂಗಿನ ಹತ್ತಿರ ತಂದರು. ಎರಡು ಸಲ ಎಳೆದರು. ಬೀನ್ಸ್ ಪರೀಕ್ಷೆ ಮಾಡುತ್ತಿದ್ದ ಅದೇ ಮುಖ.

"ಎಂತ ಇದು?"

"ಸೆಂಟು ಅಪ್ಪಯ್ಯ."

"ಎಷ್ಟು?"

"ನಾಲ್ಕೂವರೆ ಸಾವಿರ."

"ಕೆಜಿಗಾ?"

"ಅಲ್ಲ, 50 ಎಂಎಲ್‌ಗೆ."

ಸ್ವಲ್ಪ ಹೊತ್ತು ಮಾತಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಗುಣಿಸುತ್ತಿದ್ದರು. "ರೇಟು ಇಷ್ಟು ಬಂದಿದೆ ಅಂತ ನಂಗೊಂದು ಮಾತು ಹೇಳಬಾರದಿತ್ತಾ?" ಅಂದವರೇ ಜೇಬಿನಿಂದ ಫೋನು ತೆಗೆದು ಅಮ್ಮನಿಗೆ ಹಚ್ಚಿದರು.

"ಹ್ಞಾಂ, ತಲುಪಿದೆ. ಕಣ್ಣಿಂದು ಆಮೇಲೆ. ನೀ ಒಂದ್ಸಲ ಬಾವಿ ಹತ್ರ ಹೋಗು. ಆ ಹಲಸಿನ ಮರಕ್ಕೊಂದು ಬಳ್ಳಿ ಬಿಟ್ಟಿದ್ದೆ ನೋಡು, ಅದು ಇನ್ನೂ ಜೀವ ಇದೆಯಾ?"