ಪತ್ರಕರ್ತರ ಮತದಿಂದ ಪ್ಲೇಆಫ್ ತಪ್ಪುವುದಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ನಮ್ಮ ತಂಡದ ವರದಿಗಾರನೇ ಎಪಿ ಪಟ್ಟಿಯಲ್ಲಿ ತಂಡವನ್ನು ಕೆಳಗಿಟ್ಟ, ಅದಕ್ಕೇ ಪ್ಲೇಆಫ್ ಕೈತಪ್ಪಿತು.’ ಇದು ತಪ್ಪು.

ಎಪಿ, ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ತಂಡಗಳಿಗೆ ಸ್ಥಾನ ಕೊಡುವ ಪಟ್ಟಿಗೆ ಕ್ರೀಡಾ ಪತ್ರಕರ್ತರು ಮತ ಹಾಕುವುದು ನಿಜ. ಆದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಪಂದ್ಯಗಳಿಗೆ ತಂಡಗಳ ಆಯ್ಕೆಯಲ್ಲಿ ಆ ಪಟ್ಟಿಗೆ ಪಾತ್ರವಿಲ್ಲ. ಪ್ಲೇಆಫ್‌ಗೂ ಮೊದಲು ಫೈನಲ್ ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ಎಂಬ ವ್ಯವಸ್ಥೆಯ ಲೆಕ್ಕಾಚಾರದಲ್ಲಿ ಅದು ಸೇರುತ್ತಿತ್ತು. 2004ರ ಋತುವಿನ ನಂತರ ಎಪಿಯೇ ಹಿಂದೆ ಸರಿಯಿತು. 2014ರಿಂದ ತಂಡಗಳನ್ನು ಆರಿಸುವುದು ಪ್ರತ್ಯೇಕ ಆಯ್ಕೆ ಸಮಿತಿ. ಅದರಲ್ಲಿ ಮಾಜಿ ಪತ್ರಕರ್ತರೂ ಕೂತದ್ದುಂಟು, ಬಹುಶಃ ಗೊಂದಲ ಹುಟ್ಟಿದ್ದು ಅಲ್ಲಿಂದಲೇ.

2023ರ ಡಿಸೆಂಬರ್ ನೆನಪಿಸಿಕೊಳ್ಳಿ. ಒಂದೂ ಪಂದ್ಯ ಸೋಲದ ಫ್ಲಾರಿಡಾ ಸ್ಟೇಟ್ ತಂಡಕ್ಕೆ ಪತ್ರಕರ್ತರು ನಾಲ್ಕನೆಯ ಸ್ಥಾನ ಕೊಟ್ಟಿದ್ದರು. ಸಮಿತಿ ಐದನೆಯದಕ್ಕೆ ಇಳಿಸಿ ಅಲಬಾಮಾವನ್ನು ಒಳಗೆ ಬಿಟ್ಟುಕೊಂಡಿತು. ಆಗ ಪ್ಲೇಆಫ್‌ಗೆ ನಾಲ್ಕೇ ತಂಡ, 2024ರಿಂದ ಹನ್ನೆರಡು.

ವರದಿಗಾರ ತಂಡದ ವಕ್ತಾರನಲ್ಲ, ಅವನಿಗೆ ಸಂಬಳ ಕೊಡುವುದು ಸುದ್ದಿಸಂಸ್ಥೆ. ಬರಹ ಸಪ್ಪೆಯಾದರೆ, ಗಾಯಾಳುಗಳ ಸುದ್ದಿ ತಪ್ಪಿದರೆ ಧಾರಾಳವಾಗಿ ಟೀಕಿಸಿ. ನನಗೂ ಅಂಥ ದೂರುಗಳಿವೆ. ಅವನ ಮತದ ಬಗ್ಗೆ ಅನುಮಾನವಿದ್ದರೆ ಎಪಿ ಮತಪಟ್ಟಿಗಳನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ, ನೋಡಬಹುದು.

ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.